ಪೂರ್ವ ಮೇಡಂ, ಪಶ್ಚಿಮ ಸರ್

"ಪೂರ್ವದ ಕಡೆಯಿಂದ ಯಾರೋ ವಯಸ್ಸಾದ ಪಂಡಿತರು ಬರ್ತಾರಂತೆ," ಎಂದು ಗಂಡಸಿನ ದನಿಯೊಂದು ಕೋಣೆಯೊಳಗಿನಿಂದ ಹೇಳುತ್ತಿತ್ತು. "ಊಟ ಆದ್ಮೇಲೆ ಖಂಡಿತ ಒಂದು ನಿದ್ದೆ ತೆಗೀತಾರೆ. ಅಷ್ಟರಲ್ಲಿ ನನ್ನ ಹತ್ತು ಕಥೆ ಪಟ್ಟಿಗೆ ಸೇರಿಸಿಬಿಡಿ ಅಮ್ಮಾ, ಜಗಳವೇ ಇರಲ್ಲ."

ಬಾಗಿಲಲ್ಲಿ ನಿಂತಿದ್ದ ಅವಳು ಹೆಗಲ ಚೀಲವನ್ನು ಕೆಳಗಿಟ್ಟಳು. ಮೂರು ಮಹಡಿ ಹತ್ತಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ.

"ನನಗೆ ಮಧ್ಯಾಹ್ನ ನಿದ್ದೆ ಬರಲ್ಲ," ಎಂದಳು.

ಅವನು ತಿರುಗಿದ. ಕೈಯಲ್ಲಿದ್ದ ಬಿಸ್ಕತ್ತು ಚಹಾದ ಲೋಟದ ಮೇಲೆ ಒಂದು ಕ್ಷಣ ತಡೆದು ನಿಂತಿತು. ಆಮೇಲೆ ನೆನೆದ ಅರ್ಧ ಮುರಿದು ಲೋಟದೊಳಗೆ ಬಿತ್ತು. ಅದನ್ನು ನೋಡುವುದೋ ಅವಳನ್ನು ನೋಡುವುದೋ ಎಂದು ತಿಳಿಯದೆ ಅವನು ಎರಡನ್ನೂ ನೋಡಿದ.

"ಅಂದ್ರೆ ನೀವೇನಾ ಆ ಪಂಡಿತರು?"

"ನಾನೇ. ಎಷ್ಟು ವಯಸ್ಸಾಗಿದೆ ಅಂತ ಬೇಕಾದ್ರೆ ಟೈಪ್ ಮಾಡಿಸಿ ಕೊಡ್ತೀನಿ."

ಮೂಲೆಯಲ್ಲಿ ಕಂಪ್ಯೂಟರಿನ ಹಿಂದೆ ಕೂತಿದ್ದ ಟೈಪಿಸ್ಟ್ ಅಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ನಕ್ಕರು. ನಿವೃತ್ತಿಗೆ ಒಂದೇ ವರ್ಷ ಬಾಕಿಯಿದ್ದ ಅವರಿಗೆ ಆ ಕಚೇರಿಯಲ್ಲಿ ಯಾರ ಹೆದರಿಕೆಯೂ ಇರಲಿಲ್ಲ. "ಸದ್ಯ, ಎರಡೂ ಕಡೆಯವರು ಬಂದಾಯ್ತು. ಇನ್ನು ಕೂತು ಮಾತುಕತೆ ಶುರು ಮಾಡಿ," ಎಂದರು. ಆ ಮಾತಿಗೆ ಬೇರೆ ಅರ್ಥವೂ ಇದೆಯೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಒಬ್ಬರು ಈ ಗೋಡೆ ನೋಡಿದರು, ಇನ್ನೊಬ್ಬರು ಆ ಗೋಡೆ.

ಕೆಲಸವೇನೋ ಸರಳವಾಗಿಯೇ ಕಂಡಿತ್ತು. ಆಡಳಿತ ತರಬೇತಿ ಕೇಂದ್ರಕ್ಕೆ ಪ್ರತಿವರ್ಷ ಬರುವ ಹೊಸ ಅಧಿಕಾರಿಗಳು ಓದಲೆಂದು ಒಂದು ಪುಸ್ತಕ. ಆಳುವವರ ನೀತಿ ಎಂಥದಿರಬೇಕು ಎಂಬುದಕ್ಕೆ ಪೂರ್ವದಿಂದ ಹತ್ತು ಕಥೆ, ಪಶ್ಚಿಮದಿಂದ ಹತ್ತು ಕಥೆ, ಎರಡನ್ನೂ ಹೋಲಿಸುವ ಒಂದು ಮುನ್ನುಡಿ. ಅವಳು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಹಳೆಯ ಸಾಹಿತ್ಯ ಕಲಿಸುತ್ತಿದ್ದಳು. ಅವನು ಊರಿನ ಇನ್ನೊಂದು ಕಾಲೇಜಿನಲ್ಲಿ ಪಶ್ಚಿಮದ ಸಾಹಿತ್ಯ ಹೇಳಿಕೊಡುವ ತಾತ್ಕಾಲಿಕ ಉಪನ್ಯಾಸಕ. ಕೆಲಸ ಕಾಯಂ ಆಗುವುದನ್ನು ಐದು ವರ್ಷದಿಂದ ಕಾಯುತ್ತಿದ್ದ. ಕೇಂದ್ರದವರು ಕೊಟ್ಟಿದ್ದು ಎಂಟು ವಾರ, ಒಂದು ಕೋಣೆ, ಒಂದೇ ಮೇಜು, ಗರಗರ ಸದ್ದು ಮಾಡುವ ಒಂದು ಫ್ಯಾನು.

ಎರಡನೆಯ ದಿನಕ್ಕೇ ಟೈಪಿಸ್ಟ್ ಅಮ್ಮ ಇಬ್ಬರಿಗೂ ಹೆಸರಿಟ್ಟುಬಿಟ್ಟರು. ಅವಳು ಪೂರ್ವ ಮೇಡಂ, ಅವನು ಪಶ್ಚಿಮ ಸರ್.

ಮೊದಲ ಕಥೆಗೇ ಜಗಳ ಹತ್ತಿಕೊಂಡಿತು.

"ನಿಮ್ಮ ಕಥೆಗಳಲ್ಲಿ ರಾಜ ಒಂದು ತಪ್ಪು ಮಾಡಿದ್ರೆ ಸಾಕು, ಮಳೆ ನಿಲ್ಲುತ್ತೆ, ಹಸು ಹಾಲು ಕೊಡಲ್ಲ, ಊರೆಲ್ಲ ಉಪವಾಸ," ಎಂದ ಅವನು. "ಅವನು ಮಾಡಿದ್ದಕ್ಕೆ ಹಸು ಯಾಕೆ ಕಷ್ಟಪಡಬೇಕು ಅಂತ ನನಗೆ ಅರ್ಥ ಆಗ್ತಿಲ್ಲ."

"ಯಾಕೆ ಅಂದ್ರೆ ನಿಜವಾಗ್ಲೂ ಕಷ್ಟಪಡೋದು ಹಸುನೇ. ರಾಜನ ತಪ್ಪು ರಾಜನ ಮನೆಯೊಳಗೆ ಉಳಿಯಲ್ಲ ಅಂತ ಆ ಕಥೆ ಬರೆದವರಿಗೆ ಗೊತ್ತಿತ್ತು. ನಿಮ್ಮ ಕಡೆ ಹೇಗೆ?"

"ನಮ್ಮ ಕಡೆ ಆಕಾಶಕ್ಕೆ ಇದ್ಯಾವುದೂ ಸಂಬಂಧ ಇಲ್ಲ. ರಾಜ ಏನೇ ಮಾಡ್ಲಿ, ಬೆಳಗಾಗುತ್ತೆ, ಬೆಳೆ ಬರುತ್ತೆ. ಆದ್ರೆ ಅವನೊಬ್ಬನಿಗೆ ಮಾತ್ರ ನೆಮ್ಮದಿ ಇರಲ್ಲ. ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ. ಯಾರೂ ಬೆನ್ನಟ್ಟದೇ ಇದ್ರೂ ಓಡ್ತಾನೆ."

ಅವಳು ಪೆನ್ಸಿಲ್ಲನ್ನು ತುಟಿಗೊತ್ತಿ ಯೋಚಿಸಿದಳು. ಅವನು ಆ ಪೆನ್ಸಿಲ್ಲನ್ನೇ ನೋಡುತ್ತಿದ್ದ. ತಾನು ನೋಡುತ್ತಿರುವುದು ಅವಳಿಗೆ ಗೊತ್ತಾಯಿತೆಂದು ಗೊತ್ತಾದ ಕೂಡಲೇ ಫ್ಯಾನಿನ ಕಡೆ ತಲೆಯೆತ್ತಿ, ಅದಕ್ಕೆ ಎಣ್ಣೆ ಹಾಕಿಸಬೇಕು ಎಂದ.

"ನೀವು ಹುಟ್ಟಿದ್ದು ಇಲ್ಲೇ ಎರಡು ಬೀದಿ ಆಚೆ," ಎಂದರು ಟೈಪಿಸ್ಟ್ ಅಮ್ಮ, ಕೀಲಿಮಣೆಯಿಂದ ಕಣ್ಣೆತ್ತದೆ. "ಅದೇನು 'ನಮ್ಮ ಕಡೆ, ನಿಮ್ಮ ಕಡೆ' ಅಂತೀರೋ."

ಮೂರನೆಯ ವಾರದ ಹೊತ್ತಿಗೆ ಜಗಳ ಇಬ್ಬರಿಗೂ ರೂಢಿಯಾಗಿತ್ತು. ನಾಲ್ಕನೆಯ ವಾರ ಅದಿಲ್ಲದಿದ್ದರೆ ಊಟ ಸೇರದು ಎನ್ನುವ ಸ್ಥಿತಿ.

"ನಿಮ್ಮವರು ಒಳ್ಳೆಯ ರಾಜನಿಗಾಗಿ ಕಾಯ್ತಾರೆ ಮೇಡಂ. ನಮ್ಮವರು ಕೆಟ್ಟವನೇ ಬರ್ತಾನೆ ಅಂದ್ಕೊಂಡು, ಅವನು ಬಂದ್ರೂ ಊರು ಉಳಿಯೋದು ಹೇಗೆ ಅಂತ ಯೋಚಿಸ್ತಾರೆ."

"ಅಂದ್ರೆ ನಿಮ್ಮವರು ಒಳ್ಳೆಯತನವನ್ನೇ ಕೈಬಿಟ್ಟರು."

"ಒಳ್ಳೆಯತನ ಬಿಟ್ಟಿಲ್ಲ. ನಂಬಿಕೆ ಬಿಟ್ಟಿದ್ದಾರೆ ಅಷ್ಟೆ. ಆಳೋರು ಒಳ್ಳೆಯವರ ಹಾಗೆ ಕಾಣಬೇಕು, ಅಷ್ಟು ಮಾಡಿದ್ರೆ ಸಾಕು. ಅದಕ್ಕಿಂತ ಹೆಚ್ಚು ಮನುಷ್ಯರ ಹತ್ರ ಕೇಳಬಾರದು."

"ನೀವೂ ಅಷ್ಟೇನಾ? ಕಾಣೋದು ಅಷ್ಟೇ?"

"ನಾನು ಹೇಗೆ ಕಾಣ್ತೀನಿ?"

ಅವನ ಅಂಗಿಯ ಎರಡನೆಯ ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತು. ಅದನ್ನು ಅವನೇ ಹೊಲಿದುಕೊಂಡಿರಬೇಕು, ಕನ್ನಡಿ ಮುಂದೆ ನಿಂತು, ಅಂಗಿ ಬಿಚ್ಚದೆಯೇ. ಇಂಥದನ್ನೆಲ್ಲ ತಾನು ಯಾಕೆ ಊಹಿಸುತ್ತಿದ್ದೇನೆ ಎಂದುಕೊಂಡು ಅವಳು ಎದ್ದು ಕಿಟಕಿಯ ಬಳಿ ಹೋದಳು.

ಭಾನುವಾರಗಳು ಅವಳಿಗೆ ಬೇಡವಾದವು. ಮನೆಯಲ್ಲಿ ಅಮ್ಮ, ಅಕ್ಕನ ಆರು ವರ್ಷದ ಮಗಳು ಗುಬ್ಬಿ, ಅವಳು. ಅಕ್ಕ ಗಡಿಯ ಊರೊಂದರ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಆರು ಗಂಟೆ ಬಸ್ಸಿನ ದಾರಿ, ಹದಿನೈದು ದಿನಕ್ಕೊಮ್ಮೆ ಬಂದರೆ ಹೆಚ್ಚು. ಲಾರಿ ಓಡಿಸುವ ಭಾವ ವಾರದಲ್ಲಿ ಐದು ದಿನ ರಸ್ತೆಯ ಮೇಲೆಯೇ ಇರುವವರು. ಈ ಊರಿಗೆ ವರ್ಗ ಕೊಡಿ ಎಂದು ಅಕ್ಕ ಅರ್ಜಿ ಹಾಕಿ ಮೂರು ವರ್ಷವಾಗಿತ್ತು. ಭಾನುವಾರ ಗುಬ್ಬಿಯ ಜಡೆ ಹಾಕುತ್ತಾ, ಬಿಚ್ಚುತ್ತಾ, ಮತ್ತೆ ಹಾಕುತ್ತಾ ಅವಳು ಹೊತ್ತು ಕಳೆಯುತ್ತಿದ್ದಳು.

"ಚಿಕ್ಕಮ್ಮಾ, ಮೂರು ಸಲ ಆಯ್ತು," ಎಂದು ಗುಬ್ಬಿ ತಲೆ ಕಿತ್ತುಕೊಂಡು ಓಡುತ್ತಿತ್ತು.

"ಏನಾಗಿದೆ ನಿನಗೆ? ಕುಂಡೆಗೆ ಇರುವೆ ಹತ್ತಿದ ಹಾಗೆ ಆಡ್ತೀಯ," ಎನ್ನುತ್ತಿದ್ದರು ಅಮ್ಮ.

ಏನಾಗಿದೆಯೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಸೋಮವಾರ ಎಷ್ಟು ಹೊತ್ತಿಗೆ ಆಗುತ್ತದೆ ಎಂದು ಕೇಳುವ ಹಾಗಿರಲಿಲ್ಲ, ಅಷ್ಟೆ.

ಐದನೆಯ ವಾರ ಅವಳು ತನ್ನ ಹತ್ತನೆಯ ಕಥೆಯನ್ನು ಮೇಜಿನ ಮೇಲಿಟ್ಟಳು. ವಿದ್ಯಾರ್ಥಿನಿಯಾಗಿದ್ದಾಗ ಹಳೆಯ ಗ್ರಂಥಾಲಯವೊಂದರ ಮುಟ್ಟಿದರೆ ಪುಡಿಯಾಗುವ ಹಸ್ತಪ್ರತಿಯಲ್ಲಿ ಸಿಕ್ಕಿದ್ದ ಕಥೆ. ಬೇರೆ ಯಾರೂ ಅದನ್ನು ಈಗಿನ ಭಾಷೆಗೆ ತಂದಿರಲಿಲ್ಲ. ಎರಡು ವರ್ಷ ಕೂತು ಅವಳೇ ತಂದಿದ್ದಳು.

ರಾಜನೊಬ್ಬ ಊರಿನ ಧಾನ್ಯಕ್ಕೆಲ್ಲ ಒಂದು ಉಗ್ರಾಣ ಕಟ್ಟಲು ತನ್ನ ಅಳಿಯನಿಗೆ ಹೇಳುತ್ತಾನೆ. ಅಳಿಯ ಹುಳ ಹಿಡಿದ ಮರದಲ್ಲಿ ಕಟ್ಟುತ್ತಾನೆ. ಮೊದಲ ಮಳೆಗೆ ಚಾವಣಿ ಕುಸಿದು ವರ್ಷದ ಧಾನ್ಯವೆಲ್ಲ ಕೊಳೆಯುತ್ತದೆ. ತಪ್ಪು ಯಾರದೆಂದು ರಾಜ ಕೇಳಿದರೆ ಆಸ್ಥಾನದವರೆಲ್ಲ ಒಂದೇ ದನಿಯಲ್ಲಿ ಮಳೆಯದ್ದು ಎನ್ನುತ್ತಾರೆ. ಬಾಗಿಲು ಗುಡಿಸುವ ಮುದುಕಿ ಮಾತ್ರ ಪೊರಕೆ ಕೆಳಗಿಟ್ಟು ಹೇಳುತ್ತಾಳೆ: ಮಳೆ ಪ್ರತಿವರ್ಷ ಬರುತ್ತಿತ್ತು ಸ್ವಾಮಿ, ಅಳಿಯ ಬಂದದ್ದು ಈ ವರ್ಷ. ರಾಜ ಸಿಂಹಾಸನದಿಂದ ಇಳಿದು ತನ್ನ ಮನೆಯ ಕಣಜ ತೆಗೆಸುತ್ತಾನೆ. ಮನೆಮನೆಗೆ ಚೀಲ ಹೊರುವ ಶಿಕ್ಷೆ ಅಳಿಯನಿಗೆ. ಅವನನ್ನು ಆರಿಸಿದ್ದು ತಾನೇ ಆದ್ದರಿಂದ ಅವನ ಪಕ್ಕದಲ್ಲೇ ಇನ್ನೊಂದು ಚೀಲ ಹೊತ್ತು ರಾಜನೂ ನಡೆಯುತ್ತಾನೆ.

ಅವನು ಓದುವುದನ್ನು ಅವಳು ನೋಡುತ್ತಾ ಕೂತಳು. ಓದುವಾಗ ಅವನ ಎಡಗೈ ಕಿವಿಯ ತುದಿಯನ್ನು ಹಿಡಿದುಕೊಳ್ಳುತ್ತಿತ್ತು, ಯಾರೋ ಶಿಕ್ಷೆ ಕೊಟ್ಟ ಹಾಗೆ. ಮುದುಕಿಯ ಮಾತಿಗೆ ಬಂದಾಗ ಆ ಕೈ ಕೆಳಗಿಳಿಯಿತು. ಕೊನೆಯ ಪುಟ ಮುಗಿಸಿ ಅವನು ಕಾಗದಗಳನ್ನು ಮೇಜಿನ ಮೇಲಿಟ್ಟ.

"ಏನು, ಹಸು ಯಾಕೆ ಬಂದಿಲ್ಲ ಅಂತ ಕೇಳಲ್ವಾ?" ಎಂದಳು.

ಅವನು ಎದ್ದು ಕಿಟಕಿಯ ಬಳಿ ಹೋಗಿ ಹೊರಗೆ ಬೆರಳು ತೋರಿಸಿದ. ಕೆಳಗೆ ಬಸ್ ನಿಲ್ದಾಣ. ಹೊಸದಾಗಿ ಕಟ್ಟಿದ ಅದರ ಚಾವಣಿ ಹೋದ ವರ್ಷ ಮೊದಲ ಮಳೆಗೇ ಕುಸಿದಿತ್ತು. ರಜೆಯ ದಿನವಾದ್ದರಿಂದ ಯಾರೂ ಸತ್ತಿರಲಿಲ್ಲ. ಕಟ್ಟಿದ ಗುತ್ತಿಗೆದಾರ ಸಚಿವರ ಅಳಿಯ. ತನಿಖೆಯಾಗಿ, ಮಳೆ ವಿಪರೀತವಾಗಿತ್ತೆಂದು ವರದಿ ಬಂದಿತ್ತು. ಈಗಲೂ ಜನ ಬಿಸಿಲಲ್ಲಿ, ತಲೆಯ ಮೇಲೆ ಪತ್ರಿಕೆ ಹಿಡಿದು, ಬಸ್ಸಿಗೆ ಕಾಯುತ್ತಿದ್ದರು.

"ಅಯ್ಯೋ," ಎಂದಳು ಅವಳು. "ದೇವರಾಣೆ, ನನಗೆ ಹೊಳೆದೇ ಇರಲಿಲ್ಲ."

"ಹೊಳೀದೇ ಇದ್ದದ್ದೇ ಒಳ್ಳೇದಾಯ್ತು. ಹೊಳೆದಿದ್ರೆ ಪಟ್ಟಿಗೆ ಹಾಕೋಕೆ ಹೆದರ್ತಿದ್ರಿ."

"ನಾನಾ? ಹೆದರೋದಾ?"

"ಇಲ್ಲ," ಎಂದ ಅವನು ಅವಳ ಕಡೆ ತಿರುಗಿ. "ನೀವು ಹೆದರಲ್ಲ. ನಿಮ್ಮ ಜೊತೆ ಐದು ವಾರ ಜಗಳ ಆಡಿದ್ದೀನಿ, ನನಗೆ ಗೊತ್ತು. ಈ ಇಪ್ಪತ್ತರಲ್ಲಿ ಇದೊಂದೇ ಕಥೆ ಸಾಕು ಮೇಡಂ. ಮಿಕ್ಕಿದ್ದೆಲ್ಲ ನನ್ನ ಕಡೆಯದು ಸೇರಿಸಿ ಬಿಸಾಕಿದ್ರೂ ಬೇಜಾರಿಲ್ಲ."

ಕಿಟಕಿಯ ಚೌಕಟ್ಟಿನ ಮೇಲೆ ಅವನ ಕೈಗೂ ಅವಳ ಕೈಗೂ ನಡುವೆ ಒಂದು ಅಂಗೈಯಷ್ಟು ಜಾಗವಿತ್ತು. ಇಬ್ಬರೂ ಅದನ್ನು ದಾಟಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಟೈಪಿಸ್ಟ್ ಅಮ್ಮನ ಕೀಲಿಮಣೆ ಯಾವಾಗಲೋ ಸದ್ದು ನಿಲ್ಲಿಸಿತ್ತು.

ಏಳನೆಯ ವಾರ ಕೇಂದ್ರದ ಕಾರ್ಯದರ್ಶಿಗಳು ಅವಳೊಬ್ಬಳನ್ನೇ ಕರೆಸಿದರು.

ಅವರು ಮೃದುವಾಗಿ ಮಾತಾಡುವ ಮನುಷ್ಯ. ಕುರ್ಚಿ ತೋರಿಸಿದರು, ಚಹಾ ತರಿಸಿದರು, ಮುನ್ನುಡಿಯನ್ನು ಹೊಗಳಿದರು. ಆಮೇಲೆ ಪಟ್ಟಿಯ ಮೇಲೆ ಕಿರುಬೆರಳಿಟ್ಟು, "ಈ ಉಗ್ರಾಣದ ಕಥೆ ಒಂದು ಬೇಡ ಮೇಡಂ," ಎಂದರು.

"ಯಾಕೆ ಸರ್? ಚೆನ್ನಾಗಿಲ್ವಾ?"

"ತುಂಬ ಚೆನ್ನಾಗಿದೆ. ಅದಕ್ಕೇ ಬೇಡ. ಪುಸ್ತಕ ಬಿಡುಗಡೆ ಮಾಡೋರು ಸಚಿವರು."

"ಅದು ಶತಮಾನಗಳ ಹಿಂದಿನ ಕಥೆ ಸರ್."

"ಕಥೆ ಹಳೇದು. ಅಳಿಯ ಹೊಸಬರು," ಎಂದು ಅವರು ನಕ್ಕರು. ಹೊಸ ಪಟ್ಟಿ ಸಿದ್ಧವಾಗಿಯೇ ಇತ್ತು. ಉಗ್ರಾಣದ ಜಾಗದಲ್ಲಿ ಒಡೆಯನ ಮಾತು ಮೀರದ ಆನೆಯೊಂದರ ಕಥೆ ಬಂದು ಕೂತಿತ್ತು. ಕೆಳಗೆ ಎರಡು ಸಹಿಗೆ ಎರಡು ಗೆರೆ.

ಆಗುವುದಿಲ್ಲ ಎನ್ನಲು ಅವಳು ಬಾಯಿ ತೆರೆದಳು.

"ನಿಮ್ಮ ಅಕ್ಕ ಗಡಿ ಕಡೆ ನರ್ಸ್ ಅಲ್ವಾ?" ಎಂದರು ಅವರು, ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳುವ ದನಿಯಲ್ಲಿ. "ಟೈಪಿಸ್ಟ್ ಅಮ್ಮ ಹೇಳ್ತಿದ್ರು. ಚಿಕ್ಕ ಮಗು ಬೇರೆ ಇಲ್ಲಿದೆಯಂತೆ. ಪಾಪ. ಆ ಇಲಾಖೆಯವರು ನನಗೆ ಬೇಕಾದವರು. ಒಂದು ಫೋನ್ ಮಾಡ್ಲಾ?"

ಎರಡು ಮಾತಿಗೂ ನಡುವೆ ಅವರು ಯಾವ ಸಂಬಂಧವನ್ನೂ ಕಲ್ಪಿಸಲಿಲ್ಲ. ಅದನ್ನು ಕಲ್ಪಿಸಿದವಳು ಅವಳೇ. ಬಸ್ಸಿನಿಂದ ಇಳಿದ ಅಕ್ಕನ ಊದಿದ ಪಾದಗಳು ಕಣ್ಣ ಮುಂದೆ ಬಂದವು. ಅಕ್ಕ ಹೊರಡುವಾಗ ಅಳಬಾರದೆಂದು ಗುಬ್ಬಿ ಮಂಚದ ಕೆಳಗೆ ಹೋಗಿ ಕೂರುವುದು ಬಂತು. ಪೆನ್ನು ಅವಳ ಕೈಗೆ ಹೇಗೆ ಬಂತೋ. ಸಹಿ ಹಾಕಿದಾಗ ಅದು ಅವಳದೇ ಸಹಿಯಾಗಿತ್ತು, ದುಂಡಗೆ, ಕೆಳಗೊಂದು ಗೆರೆಯೊಂದಿಗೆ.

ಅವಳ ನಂತರ ಅವನನ್ನು ಕರೆದರು. ಅವನಿಲ್ಲದಾಗ ಟೈಪಿಸ್ಟ್ ಅಮ್ಮ ಕೇಳಿದ್ದಕ್ಕೆ, ಒಳಗೆ ಅಕ್ಕನ ಮಾತು ಬಂದದ್ದನ್ನು ಅವಳು ಹೇಳಿದ್ದಳು. ಅವನು ಹತ್ತು ನಿಮಿಷಕ್ಕೆ ವಾಪಸಾದ.

"ನೀವು ಸಹಿ ಮಾಡಿದ್ದೀರಿ," ಎಂದ.

"ಹೌದು."

"ನಿಮ್ಮದೇ ಕಥೆ."

"ಹೌದು."

ಅವನು ಕಾರಣಕ್ಕಾಗಿ ಕಾದ. ಅಕ್ಕನ ವಿಷಯ ಹೇಳಬಹುದಿತ್ತು. ಹೇಳಿದರೆ ಅದು ಅಕ್ಕನ ಹಿಂದೆ ಬಚ್ಚಿಟ್ಟುಕೊಂಡ ಹಾಗಾಗುತ್ತದೆ ಎನ್ನಿಸಿ ಅವಳು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದಳು, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು.

ಅವನು ತನ್ನ ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡ. "ನಾನು ಸಹಿ ಮಾಡಲಿಲ್ಲ. ನಿಮ್ಮನ್ನ ಚುಚ್ಚೋಕೆ ಹೇಳ್ತಿಲ್ಲ. ನಾಳೆಯಿಂದ ಬರಲ್ಲ, ಅದಕ್ಕೆ ಹೇಳ್ದೆ. ಅಮ್ಮಾ, ಬರ್ತೀನಿ."

ಟೈಪಿಸ್ಟ್ ಅಮ್ಮ ಎದ್ದು ನಿಂತರು. ಅವರ ಕಣ್ಣು ಒದ್ದೆಯಾಗಿತ್ತು. "ನಾನು ಸುಮ್ನೆ ಮಾತಿಗೆ ಹೇಳಿದ್ದೆ ಮೇಡಂ, ಅಕ್ಕನ ವಿಷಯ. ಅವರು ಅದನ್ನ ಹೀಗೆ ತೆಗೀತಾರೆ ಅಂತ…" ಎಂದರು, ಅವನು ಮೆಟ್ಟಿಲಿಳಿದು ಹೋದ ಮೇಲೆ.

ಅದಾಗಿ ಮೂರನೆಯ ವಾರಕ್ಕೆ ಅಕ್ಕ ವರ್ಗವಾಗಿ ಮನೆಗೆ ಬಂದಳು. ಗುಬ್ಬಿ ಒಂದು ವಾರ ಅವಳ ಬಟ್ಟೆಯ ತುದಿ ಬಿಡಲಿಲ್ಲ. ಅಮ್ಮ ಎರಡು ಹೊತ್ತು ಹಾಡು ಗುನುಗುತ್ತಾ ಅಡುಗೆ ಮಾಡಿದರು. ಮನೆ ತುಂಬಿತು. ಆ ತುಂಬಿದ ಮನೆಯಲ್ಲಿ ಅವಳಿಗೆ ನಿಲ್ಲಲು ಒಂದು ಜಾಗ ಸಿಗಲಿಲ್ಲ. ಕುರ್ಚಿಯಲ್ಲಿ ಕೂತರೆ ಏಳಬೇಕೆನ್ನಿಸುತ್ತಿತ್ತು, ಎದ್ದರೆ ಎಲ್ಲಿಗೆಂದು ತಿಳಿಯುತ್ತಿರಲಿಲ್ಲ. ಕಾಲೇಜಿಗೆ ಹೋಗುವಾಗ ಎರಡು ನಿಲ್ದಾಣ ಮೊದಲೇ ಬಸ್ಸಿಳಿದು ನಡೆಯುತ್ತಿದ್ದಳು. ಪಾಠ ಮಾಡುವಾಗ ಒಂದೇ ಸಾಲನ್ನು ಎರಡು ಸಲ ಓದಿದಾಗ ಹುಡುಗಿಯರು ಮುಖ ಮುಖ ನೋಡಿಕೊಂಡರು. ಮಳೆಯೇನೂ ನಿಂತಿರಲಿಲ್ಲ, ಊರಿಗೆ ಏನೂ ಆಗಿರಲಿಲ್ಲ. ಆದದ್ದೆಲ್ಲ ಅವಳೊಳಗೆ. ನನ್ನ ಕಡೆಯ ಕಥೆಗಳನ್ನು ನಂಬಿಕೊಂಡವಳಿಗೆ ಅವನ ಕಡೆಯ ಶಿಕ್ಷೆ ಬಂತಲ್ಲ ಎಂದುಕೊಂಡರೆ ನಗು ಬರುತ್ತಿತ್ತು.

ಒಂದು ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೊರಡಲು ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಕಥೆ, ಸಹಿ, ಫೋನು. ಅವನ ವಿಷಯವನ್ನು ಹೇಳಬಾರದೆಂದುಕೊಂಡಿದ್ದಳು, ಅದೂ ಬಂತು.

ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು.

"ನನ್ನ ಕೇಳಿದ್ಯಾ?"

"ಏನು?"

"ನನ್ನ ಹೆಸರು ಹೇಳ್ಕೊಂಡು ಸಹಿ ಹಾಕಿ ಬಂದ್ಯಲ್ಲ, ನನ್ನನ್ನ ಒಂದು ಮಾತು ಕೇಳಿದ್ಯಾ? ಮೂರು ವರ್ಷ ಕಾದಿದ್ದೀನಿ ಕಣೆ. ಇನ್ನೊಂದು ವರ್ಷ ಕಾಯ್ತಿದ್ದೆ. ನಿನ್ನ ತಪ್ಪನ್ನ ತಂದು ನನ್ನ ತಲೆ ಮೇಲೆ ಇಡ್ಬೇಡ."

"ಈಗ ಹೋಗಿ ನನ್ನ ಸಹಿ ವಾಪಸ್ ತಗೋತೀನಿ ಅಂದ್ರೆ ನಿನ್ನ ಆರ್ಡರ್ ರದ್ದು ಮಾಡಬಹುದು ಅಕ್ಕಾ."

ಅಕ್ಕ ಬಾಗಿಲ ಕಡೆ ನೋಡಿದಳು. ಹೊರಗೆ ಗುಬ್ಬಿ ಶೂ ಹಾಕಿಕೊಳ್ಳುತ್ತಾ ಎಡಬಲ ಅದಲುಬದಲು ಮಾಡಿಕೊಂಡಿತ್ತು. ಅಕ್ಕ ತುಂಬ ಹೊತ್ತು ಅದನ್ನೇ ನೋಡಿದಳು.

"ಮಾಡಿದ್ರೆ ಮಾಡ್ಲಿ," ಎಂದಳು ಕೊನೆಗೆ. ದನಿ ಗಟ್ಟಿಯಾಗಿರಲಿಲ್ಲ. "ನೀನು ಹೀಗೆ ಮನೆ ತುಂಬ ಬೆಕ್ಕಿನ ಹಾಗೆ ತಿರುಗೋದನ್ನ ನನ್ನ ಕೈಲಿ ನೋಡೋಕಾಗಲ್ಲ. ಹೋಗು, ಹೇಳಿ ಬಾ. ಮತ್ತೆ ಆ ನಿನ್ನ ಪಶ್ಚಿಮದವನು? ಅವನಿಗೆ ಹೇಳಿದ್ಯಾ?"

"ಅವನು ನನ್ನವನಲ್ಲ."

"ಆಯ್ತು ಬಿಡು, ಯಾರವನೋ. ಹೇಳಿದ್ಯಾ?"

ಕಾರ್ಯದರ್ಶಿಗಳು ಅವತ್ತೂ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ. ಕೂತರೆ ಚಹಾ ಬರುತ್ತದೆ, ಚಹಾ ಬಂದರೆ ಮಾತು ಮೆತ್ತಗಾಗುತ್ತದೆ ಎಂಬ ಭಯ. ನಿಂತೇ ಹೇಳಿದಳು. ಉಗ್ರಾಣದ ಕಥೆ ಇರಬೇಕು. ಇಲ್ಲವಾದರೆ ಪುಸ್ತಕದಲ್ಲಿ ತನ್ನ ಹೆಸರು ಇರಬಾರದು, ಸಹಿ ವಾಪಸ್. ಅಕ್ಕನ ವರ್ಗಾವಣೆ ಇದಕ್ಕಾಗಿ ಆಗಿದ್ದರೆ ಅದನ್ನೂ ಅವರು ವಾಪಸ್ ತೆಗೆದುಕೊಳ್ಳಬಹುದು.

ಅವರು ಆಶ್ಚರ್ಯದಿಂದ ಅವಳನ್ನು ನೋಡಿದರು. ಆ ಆಶ್ಚರ್ಯ ನಿಜವಾದದ್ದೇ ಆಗಿತ್ತು.

"ನಿಮ್ಮ ಅಕ್ಕನ ಹೆಸರು ವರ್ಗಾವಣೆ ಪಟ್ಟಿಯಲ್ಲಿ ಮೊದಲನೇದೇ ಇತ್ತು ಮೇಡಂ. ನಾನು ಫೋನ್ ಮಾಡಿದಾಗ ಆರ್ಡರ್ ಆಗಲೇ ಸಹಿಗೆ ಹೋಗಿದೆ ಅಂದ್ರು. ಅದು ಅವರ ಸರದಿ. ಯಾರೂ ಕಿತ್ಕೊಳ್ಳೋಕಾಗಲ್ಲ."

ಅವಳು ಮೇಜಿನ ಅಂಚು ಹಿಡಿದುಕೊಂಡಳು. "ಮತ್ತೆ ನಾನು ಸಹಿ ಹಾಕಿದ್ದು ಯಾತಕ್ಕೆ?"

"ಅದನ್ನ ನೀವೇ ಹೇಳಬೇಕು. ನಾನು ಫೋನ್ ಮಾಡ್ಲಾ ಅಂದೆ, ಅಷ್ಟೆ. ಬದಲಿಗೆ ಏನಾದ್ರೂ ಕೇಳಿದ್ನಾ?"

ಕೇಳಿರಲಿಲ್ಲ. ಅವರು ಹೇಳಿದ್ದು ಅಕ್ಷರಶಃ ನಿಜ. ಅವಳು ಇಪ್ಪತ್ತು ಕಥೆ ಓದಿದ್ದಳು, ಹೋಲಿಸಿದ್ದಳು, ಮುನ್ನುಡಿ ಬರೆದಿದ್ದಳು. ಇಷ್ಟು ಮೆತ್ತಗಿನ ಆಳ್ವಿಕೆ ಅದರಲ್ಲಿ ಒಂದರಲ್ಲೂ ಇರಲಿಲ್ಲ.

"ಕಥೆ ಬರಲ್ಲ ಮೇಡಂ," ಎಂದರು ಅವರು. "ಹೆಸರು ಬೇಡ ಅಂದ್ರೆ ತೆಗೆಸ್ತೀನಿ. ಅವರದೂ ಇಲ್ಲ, ನಿಮ್ಮದೂ ಇಲ್ಲ. ಪುಸ್ತಕಕ್ಕೆ ಅದರಿಂದ ಏನೂ ಆಗಲ್ಲ."

"ನನಗೆ ಆಗುತ್ತೆ ಸರ್," ಎಂದು ಹೇಳಿ ಅವಳು ಹೊರಟಳು.

ಮೆಟ್ಟಿಲಲ್ಲಿ ಟೈಪಿಸ್ಟ್ ಅಮ್ಮ ಕಾಯುತ್ತಿದ್ದರು. ಏನಾಯಿತೆಂದು ಕೇಳಲಿಲ್ಲ. "ಇವತ್ತು ಅವರ ಕಾಲೇಜಲ್ಲಿ ಪರೀಕ್ಷೆ ಇದೆ. ಎರಡರಿಂದ ಐದು. ಕೆಳಗಡೆ ಹಾಲ್‌ನಲ್ಲಿ," ಎಂದು ಮಾತ್ರ ಹೇಳಿದರು.

ಅವಳು ತಲುಪಿದಾಗ ಮೂರೂ ಕಾಲು. ಉದ್ದ ಕಾರಿಡಾರಿನ ಪಕ್ಕದಲ್ಲಿ ಪರೀಕ್ಷೆಯ ಹಾಲ್, ಅದಕ್ಕೆ ಸಾಲು ಕಿಟಕಿಗಳು. ಮೂರನೆಯ ಕಿಟಕಿಯಲ್ಲಿ ಅವನು ಕಂಡ. ಕೈ ಹಿಂದೆ ಕಟ್ಟಿಕೊಂಡು ಬೆಂಚುಗಳ ನಡುವೆ ನಿಧಾನಕ್ಕೆ ನಡೆಯುತ್ತಿದ್ದ. ತಲೆಯೆತ್ತಿದವನು ಅವಳನ್ನು ನೋಡಿ, ಎರಡು ಹೆಜ್ಜೆ ಹಾಗೇ ನಡೆದು, ಒಂದು ಬೆಂಚಿಗೆ ಮೊಣಕಾಲು ಬಡಿದುಕೊಂಡ. ಆ ಬೆಂಚಿನ ಹುಡುಗಿ ಬೆಚ್ಚಿ ತನ್ನ ಉತ್ತರ ಪತ್ರಿಕೆಯನ್ನು ಮುಚ್ಚಿಕೊಂಡಳು.

ಮಾತಾಡುವ ಹಾಗಿಲ್ಲ. ಹೊರಗೆ ಬರುವ ಹಾಗಿಲ್ಲ. ಇನ್ನೂ ಒಂದೂ ಮುಕ್ಕಾಲು ಗಂಟೆ.

ಅವಳಿಗೆ ಅಲ್ಲಿದ್ದ ಬೆಂಚಿನ ಮೇಲೆ ಕೂರಲಾಗಲಿಲ್ಲ. ಕಾರಿಡಾರಿನಲ್ಲಿ ಆ ತುದಿಗೆ ನಡೆದಳು, ಈ ತುದಿಗೆ ಬಂದಳು. ಒಳಗೆ ಅವನು, ಹೊರಗೆ ಅವಳು, ನಡುವೆ ಗೋಡೆ. ಇಬ್ಬರೂ ಒಂದೇ ಕಡೆಗೆ ನಡೆದಾಗ ಪ್ರತಿ ಕಿಟಕಿಯಲ್ಲೂ ಒಬ್ಬರಿಗೊಬ್ಬರು ಸಿಕ್ಕರು. ಮೊದಲ ಸುತ್ತಿನಲ್ಲಿ ಅವನ ಮುಖದಲ್ಲಿ ಏನೂ ಇರಲಿಲ್ಲ. ಎರಡನೆಯ ಸುತ್ತಿನಲ್ಲಿ ಹುಬ್ಬು ಒಂದಿಷ್ಟು ಮೇಲೆದ್ದು, ಏನು ಎಂದು ಕೇಳಿತು. ಅವಳು ತಲೆಯಲ್ಲಾಡಿಸಿದಳು: ಇಲ್ಲಿ ಹೇಳುವಂಥದ್ದಲ್ಲ. ಮೂರನೆಯ ಸುತ್ತಿನಲ್ಲಿ ಅವನು ಗಡಿಯಾರ ತೋರಿಸಿ, ಹೋಗಿಬಿಡಬೇಡಿ ಎನ್ನುವ ಹಾಗೆ ಅಂಗೈಯನ್ನು ಕೆಳಕ್ಕೆ ಒತ್ತಿದ. ಎಲ್ಲಿಗೆ ಹೋಗಲಿ ಎಂದು ಅವಳು ಕಣ್ಣರಳಿಸಿದಳು. ನಾಲ್ಕನೆಯ ಕಿಟಕಿಯ ಪಕ್ಕದ ಹುಡುಗನೊಬ್ಬ ಬರೆಯುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿ ಮುಗುಳ್ನಕ್ಕ. ಅವನು ಆ ಹುಡುಗನ ಬೆನ್ನ ಹಿಂದೆ ನಿಂತು ಕೆಮ್ಮಿದ.

ಐದಕ್ಕೆ ಗಂಟೆ ಹೊಡೆಯಿತು. ಹುಡುಗರು ಹುಡುಗಿಯರು ಹೊರಗೆ ನುಗ್ಗಿದರು. ಹಾಲ್ ಖಾಲಿಯಾದಾಗ ಅವನು ಮುಂದಿನ ಮೇಜಿನ ಮೇಲೆ ಉತ್ತರ ಪತ್ರಿಕೆಗಳನ್ನು ನಂಬರಿನ ಪ್ರಕಾರ ಜೋಡಿಸುತ್ತಿದ್ದ. ಅವಳು ಒಳಗೆ ಹೋಗಿ ಎದುರಿಗೆ ನಿಂತಳು.

ಒಂದೇ ಉಸಿರಿನಲ್ಲಿ ಹೇಳಿದಳು. ಅಕ್ಕ, ಗುಬ್ಬಿ, ಫೋನು, ಇವತ್ತಿನ ಮಾತು, ಮೊದಲೇ ಪಟ್ಟಿಯಲ್ಲಿದ್ದ ಹೆಸರು.

"ಕಥೆ?" ಎಂದು ಕೇಳಿದ.

"ಬರಲ್ಲ. ಪುಸ್ತಕ ಅಚ್ಚಾಗುತ್ತೆ. ನಿಮ್ಮ ಹೆಸರಿಲ್ಲ, ನನ್ನದೂ ಇಲ್ಲ. ಆನೆ ಇದೆ."

ಅವನು ಕಾಗದಗಳಿಂದ ಕೈ ತೆಗೆದ. "ನಾನು ಒಂದು ವಿಷಯ ಹೇಳ್ಲಾ? ಅವತ್ತು ನಾನು ಸಹಿ ಮಾಡಲಿಲ್ಲ ಅಂತ ಇಷ್ಟು ದಿನ ಬೀಗ್ತಿದ್ದೆ. ನೀವು ಹೇಳಿದ್ದು ಕೇಳಿದ್ಮೇಲೆ ನಾಚಿಕೆ ಆಗ್ತಿದೆ. ನನ್ನ ಹತ್ರ ಅವರು ಏನು ಕೇಳಿದ್ರು ಗೊತ್ತಾ? ಏನೂ ಕೇಳಲಿಲ್ಲ. ನನ್ನ ಕೆಲಸ ಅವರ ಕೈಲಿಲ್ಲ. ನನಗೆ ಅಕ್ಕ ಇಲ್ಲ, ಮನೇಲಿ ಕಾಯೋ ಮಗು ಇಲ್ಲ. ನಾನು ನೆಟ್ಟಗೆ ನಿಲ್ಲೋದು ಸುಲಭ ಇತ್ತು."

"ಹಾಗಂತ ನಾನು ಮಾಡಿದ್ದು ಸರಿ ಆಗಲ್ಲ."

"ಸರಿ ಅಂತ ನಾನೂ ಹೇಳ್ತಿಲ್ಲ. ಆದ್ರೆ ಯಾಕೆ ಅಂತ ಕೇಳಬೇಕಿತ್ತು. ಕೇಳದೆ ತೀರ್ಪು ಕೊಟ್ಟು ಎದ್ದು ಹೋದೆ. ಮೆಟ್ಟಿಲು ಇಳಿಯೋವಾಗಲೇ ವಾಪಸ್ ಬರಬೇಕು ಅನ್ನಿಸ್ತು. ಬರಲಿಲ್ಲ. ನಿಮ್ಮ ಕಾಲೇಜಿನ ಮುಂದೆ ಎರಡು ಸಲ ಬಂದು ನಿಂತಿದ್ದೆ."

"ಎರಡು ಸಲ?"

"ನಾಲ್ಕು."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡರ ನಡುವಿನದೇನೋ ಮುಖದಲ್ಲಿ ಬಂದು ಹೋಯಿತು. "ನಮ್ಮ ಇಪ್ಪತ್ತು ಕಥೆಯಲ್ಲೂ ರಾಜ ಇದ್ದ," ಎಂದಳು. "ಒಳ್ಳೆಯವನೋ ಕೆಟ್ಟವನೋ, ಎಲ್ಲ ರಾಜನ ಬಗ್ಗೆಯೇ. ಅವನು ಮುಂದಿಟ್ಟ ಕಾಗದಕ್ಕೆ ಸಹಿ ಹಾಕೋರ ಕಥೆ ಒಂದೂ ಇರಲಿಲ್ಲ. ನನ್ನ ಕಡೆಯೂ ಇಲ್ಲ, ನಿಮ್ಮ ಕಡೆಯೂ ಇಲ್ಲ."

"ಇರುತ್ತೆ. ಎರಡೂ ಕಡೆ ಇರುತ್ತೆ. ನಾವು ಹುಡುಕಲಿಲ್ಲ."

"ಹುಡುಕೋಣ್ವಾ?" ಎಂದಳು. ಆಮೇಲೆ, ಇಷ್ಟು ದಿನ ಕಾಲು ನಿಲ್ಲದೆ ಓಡಾಡಿಸಿದ್ದು ಇದೇ ಎಂದು ಆ ಕ್ಷಣಕ್ಕೆ ತಿಳಿದು, ನೇರವಾಗಿ ಅವನ ಮುಖ ನೋಡಿ ಹೇಳಿದಳು. "ಕಥೆಗಾಗಿ ಮಾತ್ರ ಕೇಳ್ತಿಲ್ಲ. ನೀವಿಲ್ಲದ ದಿನ ನನಗೆ ಎಲ್ಲೂ ಕೂರೋಕಾಗಲ್ಲ. ಅದನ್ನ ಹೇಳೋಕೆ ಬಂದೆ. ಮಿಕ್ಕಿದ್ದೆಲ್ಲ ಅದಕ್ಕೆ ಪೀಠಿಕೆ."

ಅವನು ಕಿವಿಯವರೆಗೆ ಕೆಂಪಾದ. ಐದು ವರ್ಷ ಪ್ರೇಮದ ಪದ್ಯಗಳನ್ನು ವಿವರಿಸಿದ ಉಪನ್ಯಾಸಕ ಉತ್ತರ ಪತ್ರಿಕೆಗಳ ಕಟ್ಟನ್ನು ಮುಂದಕ್ಕೆಳೆದು, ದಾರವನ್ನು ಉದ್ದಕ್ಕೂ ಅಡ್ಡಕ್ಕೂ ಸುತ್ತಿದ. ಗಂಟು ಹಾಕಲು ಹೋದರೆ ದಾರ ಜಾರಿತು. ಮತ್ತೆ ಎಳೆದ, ಮತ್ತೆ ಜಾರಿತು.

"ಇಲ್ಲಿ ಸ್ವಲ್ಪ ಬೆರಳಿಡಿ," ಎಂದ.

ಅವಳು ಎರಡು ದಾರ ಸೇರುವ ಜಾಗದ ಮೇಲೆ ತೋರುಬೆರಳನ್ನು ಒತ್ತಿ ಹಿಡಿದಳು. ಅವನು ಅದರ ಸುತ್ತ ಕುಣಿಕೆ ಹಾಕಿ, ನಿಧಾನಕ್ಕೆ ಬಿಗಿ ಮಾಡುತ್ತಾ ಬಂದ. ಕುಣಿಕೆ ಸಣ್ಣದಾಗುತ್ತಾ ಅವಳ ಉಗುರನ್ನು ಮುಟ್ಟಿತು. ಅವನ ಕೈ ಅಲ್ಲಿಗೇ ನಿಂತಿತು.

"ಈಗ ತೆಗೀಬೇಕು," ಎಂದ ಮೆಲ್ಲಗೆ. "ಇಲ್ಲದಿದ್ರೆ ಗಂಟಿನೊಳಗೆ ಸಿಕ್ಕಿಹಾಕ್ಕೊಳ್ತೀಯ."

'ನೀವು' ಹೋಗಿ 'ನೀನು' ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು.

"ಎಳಿ ನೀನು," ಎಂದಳು ಅವಳು, ಬೆರಳು ತೆಗೆಯದೆ.